ಇಪ್ಪತ್ನಾಲ್ಕು ಟ್ಯಾಬಿನ ಆಯುಧಪೂಜೆ

ನಮ್ಮ ಪ್ರೌಢಶಾಲೆಗೆ ಇಪ್ಪತ್ನಾಲ್ಕು ಟ್ಯಾಬ್‌ಗಳು ಬಂದಿಳಿದದ್ದು ಆಷಾಢ ಮಾಸದಲ್ಲಿ. ಆಷಾಢದಲ್ಲಿ ಹೊಸ ಸೊಸೆಯನ್ನೇ ತವರಿಗೆ ಕಳಿಸುವ ಸೀಮೆ ನಮ್ಮದು. ಹೊಸ ಯಂತ್ರವನ್ನು ಒಳಗೆ ಕರೆದುಕೊಳ್ಳುವುದುಂಟೇ? ಮುಖ್ಯಶಿಕ್ಷಕರು ಪೆಟ್ಟಿಗೆಗಳನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದು, ಶ್ರಾವಣದ ಮೊದಲ ಶುಕ್ರವಾರದವರೆಗೆ ಅವುಗಳ ಮುಖ ಯಾರೂ ನೋಡಕೂಡದೆಂದು ಅಪ್ಪಣೆ ಹೊರಡಿಸಿದರು. ಅಷ್ಟು ದಿನವೂ ಮಕ್ಕಳು ಬೀರುವಿನ ಸಂದಿಗೆ ಕಣ್ಣಿಟ್ಟು ನೋಡಿದ್ದೇ ನೋಡಿದ್ದು.

ಶಾಲೆ ಇರುವುದು ಅರಕಲಗೂಡಿನಿಂದ ರಾಮನಾಥಪುರದ ಕಡೆಗೆ ಹೋಗುವ ದಾರಿಯಲ್ಲಿ, ಕೈ ಅಡ್ಡ ಹಿಡಿದರೆ ಮಾತ್ರ ಬಸ್ಸು ನಿಲ್ಲುವ ಒಂದು ಊರಿನಲ್ಲಿ. ನಾನು ಅಲ್ಲಿ ಗಣಿತದ ಮೇಷ್ಟ್ರು. ಟ್ಯಾಬ್ ಕೊಟ್ಟದ್ದು ಒಂದು ಸೇವಾ ಸಂಸ್ಥೆ. ಕೊಡುವಾಗ ನಾಲ್ಕು ಪುಟದ ಕರಾರನ್ನೂ ಕೊಟ್ಟಿತ್ತು. ಮುಖ್ಯಶಿಕ್ಷಕರು ಓದದೆ ಸಹಿ ಹಾಕಿದರು. ನಾನು ಸಹಿ ಹಾಕುವ ಅಧಿಕಾರವಿಲ್ಲದೆ ಪೂರ್ತಿ ಓದಿದೆ. ಅದರ ಮೂರನೆಯ ಪುಟದಲ್ಲಿತ್ತು ಮುಖ್ಯವಾದ ಮಾತು: ಟ್ಯಾಬ್ ಆಕಸ್ಮಿಕವಾಗಿ ಕೆಟ್ಟರೆ ಸಂಸ್ಥೆಯೇ ರಿಪೇರಿ ಮಾಡಿಸಿಕೊಡುತ್ತದೆ, ನೋಡಿಕೊಳ್ಳುವವರ ನಿರ್ಲಕ್ಷ್ಯದಿಂದ ಕೆಟ್ಟರೆ ಎಲ್ಲವನ್ನೂ ವಾಪಸು ಒಯ್ದು ಬೇರೆ ಶಾಲೆಗೆ ಕೊಡುತ್ತದೆ. ಯಾವುದು ಆಕಸ್ಮಿಕ, ಯಾವುದು ನಿರ್ಲಕ್ಷ್ಯ ಎಂದು ಬರೆದುಕೊಡುವವರು ಮುಖ್ಯಶಿಕ್ಷಕರು.

ನೋಡಿಕೊಳ್ಳುವವನು ಯಾರೆಂಬ ಪ್ರಶ್ನೆ ಬಂದಾಗ ಮುಖ್ಯಶಿಕ್ಷಕರು ಸಿಬ್ಬಂದಿ ಸಭೆಯಲ್ಲಿ ಎಲ್ಲರನ್ನೂ ಒಂದು ಸುತ್ತು ನೋಡಿ ನನ್ನ ಹತ್ತಿರ ನಿಂತರು.

"ಮೇಷ್ಟ್ರೇ, ಇದು ನಿಮ್ಮ ಕೈಲಿದ್ರೇ ಕ್ಷೇಮ. ಬೇರೆಯವರಿಗೆ ಕೊಟ್ರೆ ನಂಗೆ ನಿದ್ದೆ ಬರಲ್ಲ ಕಣ್ರೀ."

"ಸಾರ್, ನಂಗೆ ಫೋನಲ್ಲಿ ಹಸಿರು ಬಟನ್ನು, ಕೆಂಪು ಬಟನ್ನು ಎರಡೇ ಗೊತ್ತಿರೋದು."

"ಅದಕ್ಕೇ ನಿಮ್ಗೆ ಕೊಡ್ತಿರೋದು. ಗೊತ್ತಿರೋನು ಸಿನಿಮಾ ನೋಡ್ತಾನೆ."

ಹೊಳೆನರಸೀಪುರದಿಂದ ನಾವಿಬ್ಬರೂ ಹನ್ನೊಂದು ವರ್ಷ ಒಂದೇ ಬಸ್ಸಿನ ಒಂದೇ ಸೀಟಿನಲ್ಲಿ ಬಂದವರು. ಕಿಟಕಿಯ ಪಕ್ಕ ಅವರು, ಈಚೆಗೆ ನಾನು. ನನ್ನ ತಾಯಿ ತೀರಿಕೊಂಡಾಗ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ಅಂಥವರ ಮಾತು ಮೀರುವುದು ಹೇಗೆ? ಹೀಗೆ ನಾನು ನೋಡಲ್ ಶಿಕ್ಷಕನೆಂಬ ಬಿರುದಿಗೆ ಪಾತ್ರನಾದೆ.

ಕೆಲಸ ಹೆಗಲೇರಿದ ಮೇಲೆ ಅರ್ಧಂಬರ್ಧ ಮಾಡಿದರೆ ನನಗೆ ಅನ್ನ ಇಳಿಯುವುದಿಲ್ಲ. ಮೊದಲು ಒಂದು ದಾಸ್ತಾನು ವಹಿ ಹಾಕಿದೆ. ಪ್ರತಿ ಟ್ಯಾಬಿನ ಬೆನ್ನಿಗೂ ಒಂದು ಸಂಖ್ಯೆ ಅಂಟಿಸಿದೆ. ಯಾರು ಪಡೆದರು, ಎಷ್ಟು ಹೊತ್ತಿಗೆ ಪಡೆದರು, ಹಿಂತಿರುಗಿಸಿದಾಗ ಗಾಜಿನ ಮೇಲೆ ಗೀರು ಇತ್ತೇ ಎಂಬುದಕ್ಕೆಲ್ಲ ಕಾಲಂ ಎಳೆದೆ. ಶಾಲೆಯೊಳಗೆ ನೆಟ್‌ವರ್ಕು ಎಂಬುದು ಇಲ್ಲ. ಆದ್ದರಿಂದ ದಿನಕ್ಕೆ ಆರರಂತೆ ಟ್ಯಾಬ್‌ಗಳನ್ನು ಟವೆಲ್ಲಿನಲ್ಲಿ ಸುತ್ತಿ, ಚೀಲದಲ್ಲಿ ಹೊಳೆನರಸೀಪುರಕ್ಕೆ ಒಯ್ದು, ಮನೆಯಲ್ಲಿ ಕೈಪಿಡಿ ಓದಿ ಕಲಿಯುತ್ತ, ರೇಖಾಗಣಿತದ ಒಂದು ಆ್ಯಪ್ ತುಂಬಿಸಿಕೊಂಡು ಬಂದೆ. ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ರೀತಿ ನೋಡಿ ಕಂಡಕ್ಟರು, "ಏನ್ ಸಾ, ಮೊಟ್ಟೆನಾ?" ಎಂದು ಕೇಳಿದ್ದ.

ಚಾರ್ಜು ಮಾಡುವುದು ಊಟದ ಬಿಡುವಿನಲ್ಲಿ, ಒಂದು ಸಲಕ್ಕೆ ಆರು. ಇನ್ನೊಂದು ತೊಡಕು ನಾನು ಎಣಿಸದೇ ಇದ್ದದ್ದು. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಹೊಗೆಸೊಪ್ಪು ಬೆಳೆಯುವ ಮನೆಯವರು. ಸೊಪ್ಪು ಮುರಿದ ಕೈಗೆ ಒಂದು ಕರೀ ಅಂಟು ಹತ್ತುತ್ತದೆ, ಸೋಪಿಗೂ ಬಗ್ಗುವುದಿಲ್ಲ. ಆ ಬೆರಳು ಗಾಜಿನ ಮೇಲಿಟ್ಟರೆ ಟ್ಯಾಬು ಮುಟ್ಟಿಸಿಕೊಂಡದ್ದನ್ನೇ ಒಪ್ಪುತ್ತಿರಲಿಲ್ಲ. ನಲ್ಲಿಯ ಹತ್ತಿರ ಒಂದು ಬುಟ್ಟಿ ಮಣ್ಣು, ನಾಲ್ಕು ನಿಂಬೆಹೋಳು ಇಡಿಸಿದೆ. ಗಣಿತದ ಪಿರಿಯಡ್ಡಿಗೆ ಮುಂಚೆ ಎಲ್ಲರೂ ಸಾಲಾಗಿ ನಿಂತು ಕೈ ಉಜ್ಜಬೇಕು. ದೇವಸ್ಥಾನದೊಳಕ್ಕೂ ಆ ಮಕ್ಕಳು ಅಷ್ಟು ಮಡಿಯಾಗಿ ಹೋಗಿರಲಾರರು.

ತರಗತಿಯಲ್ಲಿ ನನ್ನ ನಿಯಮ ಹನ್ನೆರಡು ನಿಮಿಷ. ಮೊದಲು ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಊಹೆ ಬರೆಯಬೇಕು. ಆಮೇಲೆ ಟ್ಯಾಬಿನಲ್ಲಿ ಚಿತ್ರವನ್ನು ಎಳೆದು ನೋಡಬೇಕು. ಹನ್ನೆರಡು ನಿಮಿಷ ಮುಗಿದದ್ದೇ ಗಾಜು ಕೆಳಗಾಗಿ ಮಗುಚಿ, ಊಹೆ ಏಕೆ ಸರಿ, ಏಕೆ ತಪ್ಪು ಎಂದು ಕಾರಣ ಬರೆಯಬೇಕು. ಕಾರಣ ಬರೆಯದವನಿಗೆ ನಾಳೆ ಟ್ಯಾಬಿಲ್ಲ.

ಹತ್ತನೆಯ ತರಗತಿಯಲ್ಲಿ ಹನ್ನೊಂದು ಮಕ್ಕಳಿದ್ದರು, ಗಣಿತವನ್ನು ಪೂರ್ತಿ ಕೈಬಿಟ್ಟವರು. ಅವರನ್ನು ಪಾಸು ಮಾಡಿಸಲು ನಾನು ಮಾಡದ ಉಪಾಯವಿರಲಿಲ್ಲ. ಅವರಲ್ಲೊಬ್ಬಳು ಹೊಗೆಸೊಪ್ಪನ್ನು ಬೇಯಿಸಿ ಒಣಗಿಸುವ ದಿನಗಳಲ್ಲಿ ವಾರಕ್ಕೆ ಮೂರೇ ದಿನ ಶಾಲೆಗೆ ಬರುತ್ತಿದ್ದ ಹುಡುಗಿ. ಬಂದಾಗಲೂ ಬಾಯಿ ಬಿಡುತ್ತಿರಲಿಲ್ಲ. ಅಂದು ಪಾಠ ವೃತ್ತದ ಸ್ಪರ್ಶಕಗಳದ್ದು. ವೃತ್ತದ ಹೊರಗೆ ಒಂದು ಚುಕ್ಕಿ, ಅಲ್ಲಿಂದ ವೃತ್ತವನ್ನು ಮುಟ್ಟುವ ಎರಡು ಗೆರೆಗಳು. ಚುಕ್ಕಿಯನ್ನು ಬೆರಳಲ್ಲಿ ಎಳೆದರೆ ಗೆರೆಗಳೂ ಜತೆಗೆ ಓಡುತ್ತವೆ, ಅವುಗಳ ಉದ್ದ ಪಕ್ಕದಲ್ಲಿ ಮೂಡುತ್ತದೆ. ಹುಡುಗಿ ಎಳೆದ ರಭಸಕ್ಕೆ ಚುಕ್ಕಿ ಪರದೆಯ ಅಂಚು ದಾಟಿ ಮಾಯವಾಯಿತು.

"ಲೇ, ಚುಕ್ಕಿ ರಾಮನಾಥಪುರಕ್ಕೇ ಓಯ್ತು ಕಣ್ಲಾ!" ಎಂದು ಪಕ್ಕದ ಹುಡುಗ ಕೂಗಿದ.

ಅವಳು ನಗಲಿಲ್ಲ. ಚುಕ್ಕಿಯನ್ನು ಹಿಂದಕ್ಕೆ ತಂದಳು, ಇನ್ನೊಂದು ದಿಕ್ಕಿಗೆ ಎಳೆದಳು, ಮತ್ತೆ ತಂದಳು.

"ಸಾ, ಇದ್ನ ಎತ್ಲಾಗ್ ಎಳುದ್ರೂ ಎರಡ್ ಗೆರೇನೂ ಸಮಾನೇ ಇರ್ತವಲ್ಲ ಸಾ. ಯಾಕ್ ಸಾ?"

ಆ ಪ್ರಮೇಯವನ್ನು ನಾನು ಕಪ್ಪುಹಲಗೆಯ ಮೇಲೆ ಎಷ್ಟು ವರ್ಷ ಸಾಧಿಸಿದ್ದೇನೋ ಲೆಕ್ಕವಿಲ್ಲ. 'ಯಾಕೆ' ಎಂದು ಆ ಬೆಂಚಿನಿಂದ ಯಾರೂ ಕೇಳಿರಲಿಲ್ಲ. ಅಂದು ನಾನು ಹನ್ನೆರಡು ನಿಮಿಷದ ನಿಯಮವನ್ನು ಮುರಿದೆ. ಇದನ್ನು ವಹಿಯಲ್ಲಿ ನಮೂದಿಸಲಿಲ್ಲ.

ಮುಖ್ಯಶಿಕ್ಷಕರಿಗೂ ಟ್ಯಾಬಿನ ರುಚಿ ಹತ್ತಿತು. ಕನ್ನಡದಲ್ಲಿ ಮಾತಾಡಿದರೆ ತಾನೇ ಬೆರಳಚ್ಚಾಗುವ ವಿದ್ಯೆಯೊಂದು ಅವರ ಫೋನಿನಲ್ಲೂ ಇದೆಯೆಂದು ತೋರಿಸಿಕೊಟ್ಟೆ. ಮೂರು ದಿನ ಜತೆಗೆ ಕೂತು ಅಭ್ಯಾಸ ಮಾಡಿಸಿದೆ. "ಸದರಿ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಅವರು ಫೋನಿಗೆ ಬಾಯಿಟ್ಟು ಘೋಷಿಸಿದಾಗ ಅದು ತಪ್ಪಿಲ್ಲದೆ ಮೂಡಿದ್ದು ಕಂಡು, "ಗುಮಾಸ್ತೆ ಬೇಡ್ವೇ ಬೇಡ ಕಣ್ರೀ ಮೇಷ್ಟ್ರೇ" ಎಂದು ನನ್ನ ಬೆನ್ನು ತಟ್ಟಿದರು. ಆ ವಿದ್ಯೆಯ ಫಲವನ್ನು ನಾನು ಮುಂದೆ ಉಂಡೆ.

ದಸರಾ ರಜೆ ಬಿಡುವ ದಿನ ಶಾಲೆಯಲ್ಲಿ ಆಯುಧಪೂಜೆ. ಪ್ರತಿ ವರ್ಷ ಪ್ರಯೋಗಾಲಯದ ತಕ್ಕಡಿ, ಬೆಲ್ಲು, ಗುದ್ದಲಿ ಇವಕ್ಕೆ ಪೂಜೆ ಆಗುತ್ತಿತ್ತು. ಈ ಸಲ ಟ್ಯಾಬ್‌ಗಳನ್ನೂ ಇಡಬೇಕೆಂದು ಮುಖ್ಯಶಿಕ್ಷಕರು ಪಟ್ಟು ಹಿಡಿದರು. ನಾನು ಕೊಸರಾಡಿದೆ.

"ಸಾರ್, ಇದಕ್ಕೆ ನೀರು ಆಗಲ್ಲ."

"ಪಂಪ್‌ಸೆಟ್ಟಿಗೆ ಮಾಡ್ತಾರೆ, ಬಸ್ಸಿಗೆ ಮಾಡ್ತಾರೆ. ಇದೇನ್ರೀ ಪಾಪ ಮಾಡೈತೆ?"

ಬೆನ್ನಿನ ಕಡೆ ಒಂದೇ ಒಂದು ಬೊಟ್ಟು, ಅದೂ ಒಣ ಕುಂಕುಮ ಎಂಬ ಷರತ್ತಿನ ಮೇಲೆ ಒಪ್ಪಿಕೊಂಡೆ. ಇಪ್ಪತ್ಮೂರು ಟ್ಯಾಬ್‌ಗಳನ್ನು ಬಿಳೀ ಪಂಚೆಯ ಮೇಲೆ ಸಾಲಾಗಿ ಜೋಡಿಸಿದೆ. ಹದಿನಾಲ್ಕನೆಯದೊಂದು ಮಾತ್ರ ಆ ಹುಡುಗಿಯ ಕೈಯಲ್ಲಿತ್ತು. ಸುತ್ತಮುತ್ತ ಎಲ್ಲೆಲ್ಲಿ ವೃತ್ತ ಕಾಣುತ್ತದೋ ಅದನ್ನೆಲ್ಲ ವಿಡಿಯೊ ತೆಗೆಯಿರಿ ಎಂದು ನಾನೇ ತರಗತಿಗೆ ಕೆಲಸ ಕೊಟ್ಟಿದ್ದೆ. ಅಂದು ಅವಳ ಸರದಿ. ಆರತಿ ತಟ್ಟೆ, ಬೂದುಗುಂಬಳ, ಬಳೆ ಎಂದು ಅವಳು ಬೇಟೆಯಾಡುತ್ತಿದ್ದಳು. ಪೂಜೆ ಶುರುವಾಗುವಷ್ಟರಲ್ಲಿ ಕಡ್ಲೆಪುರಿ ಹಂಚುವ ಸಾಲಿನಲ್ಲಿ ಎಂಟನೆಯ ತರಗತಿಯವರು ನೂಕಾಡತೊಡಗಿದರು. ಮುಖ್ಯಶಿಕ್ಷಕರು ನನ್ನನ್ನು ಅಲ್ಲಿಗೆ ಕಳಿಸಿದರು. ನಾನು ತಿರುಗಿ ಬಂದಾಗ ಮಂಗಳಾರತಿ ಆಗಿತ್ತು.

ರಜೆ ಮುಗಿಸಿ ಬೀರು ತೆಗೆದರೆ ಏಳು ಟ್ಯಾಬ್‌ಗಳು ಚಾರ್ಜು ಹಿಡಿಯಲೊಲ್ಲವು. ಚಾರ್ಜರು ಬದಲಿಸಿದೆ, ಪ್ಲಗ್ಗು ಬದಲಿಸಿದೆ, ಹತ್ತಿಯಲ್ಲಿ ಒರೆಸಿದೆ. ಕೊನೆಗೆ ಅರಕಲಗೂಡಿನ ಒಂದು ಮೊಬೈಲ್ ಅಂಗಡಿಗೆ ಒಯ್ದೆ. ಅಂಗಡಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಚಾರ್ಜಿನ ತೂತಿನೊಳಗೆ ಸೂಜಿ ಆಡಿಸಿದ. ಕೆಂಪಗೆ ಏನೋ ಕಿತ್ತು ಬಂತು.

"ಏನ್ ಸಾ ಇದು, ತೂತ್ಗೇ ಮಂಗಳಾರತಿ ಮಾಡವ್ರಲ್ಲ! ಕುಂಕುಮ, ಗಂಧ ಎಲ್ಡೂ ಕಲುಸಿ ಮೆತ್ತವ್ರೆ. ಒಳ್ಗಡೆ ಪಿನ್ನೇ ತಿಂದಾಕ್ಬುಟ್ಟೈತೆ."

ಎರಡು ಬದುಕಿದವು, ಐದು ಸತ್ತವು. ಈ ಸಮಾಚಾರ ತಂದು ಒಪ್ಪಿಸಿದಾಗ ಮುಖ್ಯಶಿಕ್ಷಕರು ಬಹಳ ನೊಂದುಕೊಂಡರು.

"ಹೌದಾ? ಯಾರು ಮೆತ್ತಿದ್ರೋ ಮೇಷ್ಟ್ರೇ, ಬುದ್ಧಿ ಇಲ್ದೋರು. ಹೋಗ್ಲಿ ಬಿಡಿ, ಆಕಸ್ಮಿಕ ಅಂತ ನಾನೇ ಸಂಸ್ಥೆಗೆ ಬರೀತೀನಿ. ನೀವು ತಲೆ ಕೆಡಿಸ್ಕೋಬೇಡಿ."

ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹತ್ತೊಂಬತ್ತು ಟ್ಯಾಬಿಗೆ ಹೊಸ ಸರದಿ ಪಟ್ಟಿ ಮಾಡಿ, ಹನ್ನೊಂದು ಮಕ್ಕಳಿಗೆ ಸಂಜೆ ಒಂದು ಗಂಟೆ ಹೆಚ್ಚು ಪಾಠ ಶುರುಮಾಡಿದೆ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬರುತ್ತಿತ್ತು. ಹನ್ನೊಂದರಲ್ಲಿ ಏಳು ಮಂದಿ ಪ್ರಮೇಯಗಳಿಗೆ ತಾವಾಗಿ ಕಾರಣ ಬರೆಯುವ ಮಟ್ಟಕ್ಕೆ ಬಂದಿದ್ದರು. ಉಳಿದ ನಾಲ್ವರಿಗೆ ಇನ್ನೆರಡು ತಿಂಗಳು ಟ್ಯಾಬು ಕೈಯಲ್ಲಿದ್ದರೆ ಸಾಕು ಎಂದು ನನ್ನ ಅಂದಾಜು.

ಕಾರ್ತಿಕದ ಒಂದು ಗುರುವಾರ ಸಂಸ್ಥೆಯ ಕಡೆಯವನೊಬ್ಬ ಬಂದ. ವಿನಯವಂತ. ಮುಖ್ಯಶಿಕ್ಷಕರು ಅಂದು ಹಾಸನಕ್ಕೆ ಮೀಟಿಂಗಿಗೆ ಹೋಗಿದ್ದರು. ಅವನು ನನ್ನೆದುರು ಕೂತು, ಸ್ವಲ್ಪ ಹೊತ್ತು ಕೈ ಹಿಸುಕಿಕೊಂಡು, ತನ್ನ ಫೋನಿನಲ್ಲಿ ಒಂದು ಪತ್ರ ತೆಗೆದು ಮುಂದಿಟ್ಟ.

"ಸರ್, ಇದಕ್ಕೆ ನಿಮ್ಮ ಕಡೆಯಿಂದ ಏನಾದ್ರೂ ಹೇಳೋದಿದ್ಯಾ ಅಂತ..."

ಓದಿದೆ. ಸದರಿ ನೋಡಲ್ ಶಿಕ್ಷಕರು ಹಳೆಯ ಕಾಲದವರಾಗಿದ್ದು, ಮೊದಲಿನಿಂದಲೂ ಆಧುನಿಕ ತಂತ್ರಜ್ಞಾನದ ಬಗ್ಗೆ ಅನಾದರ ಹೊಂದಿದ್ದು, ಸಾಧನಗಳನ್ನು ತೇವವಿರುವ ಬೀರುವಿನಲ್ಲಿ ನಿರ್ಲಕ್ಷ್ಯದಿಂದ ಇರಿಸಿದ್ದರಿಂದ ಐದು ಸಾಧನಗಳು ಹಾಳಾಗಿರುತ್ತವೆ. ಕೆಳಗೆ ಮುಖ್ಯಶಿಕ್ಷಕರ ಸಹಿ, ಮೊಹರು. ಪತ್ರದಲ್ಲಿ ಒಂದು ಅಕ್ಷರದ ತಪ್ಪೂ ಇರಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದೆ.

ಪೂಜೆಯ ಸಂಗತಿ ಹೇಳಿದೆ. ಅಂಗಡಿಯವನ ಸೂಜಿಯ ಸಂಗತಿಯನ್ನೂ ಹೇಳಿದೆ. ಅವನು ತಲೆದೂಗಿದ.

"ನಂಬ್ತೀನಿ ಸರ್. ಆದ್ರೆ ಬರವಣಿಗೆಯಲ್ಲಿ ಬೇಕು. ಒಂದೋ ಎಚ್.ಎಂ. ಸರ್ ಈ ಪತ್ರ ವಾಪಸ್ ತಗೋಬೇಕು, ಇಲ್ಲಾ ಬೇರೆ ಏನಾದ್ರೂ ಪುರಾವೆ ಬೇಕು. ಸೋಮವಾರದೊಳಗೆ ಬರ್ಲಿಲ್ಲ ಅಂದ್ರೆ ವ್ಯಾನ್ ಕಳಿಸ್ತಾರೆ. ಚನ್ನರಾಯಪಟ್ಟಣದ ಕಡೆ ಒಂದು ಶಾಲೆ ಕಾಯ್ತಾ ಇದೆ."

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಮುಖ್ಯಶಿಕ್ಷಕರು ನನಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಯಾವ ವಿಷಯವನ್ನೂ ಎತ್ತಲಿಲ್ಲ. ಅವರೇಕಾಯಿ ಈ ಸಲ ಸೊಗಡು ಕಡಿಮೆ ಎಂದರು. ನಾನೂ ಹೌದೆಂದೆ. ಎದುರೆದುರೇ ಕೇಳಲು ನನಗೆ ನಾಲಿಗೆ ಏಳಲಿಲ್ಲ, ನಾಚಿಕೆ ನನ್ನದಲ್ಲದಿದ್ದರೂ.

ನಾನು ವಿಷಯವನ್ನು ಮಕ್ಕಳಿಗೆ ಹೇಳಿರಲಿಲ್ಲ. ಮಕ್ಕಳಿಗೆ ಯಾರೂ ಹೇಳಬೇಕಾಗಿಲ್ಲವಲ್ಲ. ಬೆಳಗಿನ ಪ್ರಾರ್ಥನೆ ಮುಗಿದದ್ದೇ ಆ ಹುಡುಗಿ ಹದಿನಾಲ್ಕನೆಯ ಟ್ಯಾಬು ಹಿಡಿದು ಸ್ಟಾಫ್‌ ರೂಮಿನ ಬಾಗಿಲಲ್ಲಿ ನಿಂತಳು.

"ಸಾ, ನಮ್ ಟ್ಯಾಬೆಲ್ಲ ತಗೊಂಡೋಯ್ತಾರಂತೆ, ನಿಮ್ದೇ ತಪ್ಪಂತೆ. ಇದ್ರಾಗೆ ಎಡ್‌ಮೇಷ್ಟ್ರು ಅವ್ರೆ ನೋಡಿ ಸಾ."

ಎರಡು ನಿಮಿಷದ ವಿಡಿಯೊ. ಮೊದಲು ಆರತಿ ತಟ್ಟೆಯ ವೃತ್ತ, ಆಮೇಲೆ ಗಂಧದ ಬಟ್ಟಲಿನ ವೃತ್ತ. ಬಟ್ಟಲೊಳಕ್ಕೆ ಒಂದು ಬೆರಳು ಇಳಿಯುತ್ತದೆ, ಕುಂಕುಮದಲ್ಲಿ ಹೊರಳುತ್ತದೆ, ಸಾಲಾಗಿ ಒಂದೊಂದು ಟ್ಯಾಬಿನ ತೂತಿಗೂ ಮೆತ್ತುತ್ತ ಹೋಗುತ್ತದೆ. ಹಿಂದಿನಿಂದ ಯಾರೋ "ಸಾರ್, ಅಲ್ಲಿಗಾ?" ಎನ್ನುತ್ತಾರೆ. ಮುಖ್ಯಶಿಕ್ಷಕರ ದನಿ ಸ್ಪಷ್ಟವಾಗಿದೆ: "ಇದು ಊಟ ಮಾಡೋದು ಇಲ್ಲಿಂದ್ಲೇ ಅಲ್ವೇನ್ರೀ? ಬಾಯಿಗೇ ಇಡ್ಬೇಕು." ಏಳನೆಯದಕ್ಕೆ ಗಂಧ ಮುಗಿಯುತ್ತದೆ. ಗಂಧ ಕಡಿಮೆ ತೇಯ್ದವರ ಪುಣ್ಯದಿಂದ ಉಳಿದವು ಉಳಿದಿದ್ದವು.

"ಯಾರಿಗಾದ್ರೂ ತೋರಿಸಿದ್ದೀಯಾ?"

"ನಾವ್ ಅನ್ನೊಂದ್ ಜನ ನೋಡೀವಿ ಸಾ. ನೀವ್ ಏಳೋಗಂಟ ಯಾರ್ಗೂ ತೋರ್ಸಲ್ಲ."

ಅದನ್ನು ಸೀದಾ ಸಂಸ್ಥೆಯವನಿಗೆ ತೋರಿಸಿದ್ದರೆ ಈ ಕಥನ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಅಧಿಕಾರಿಗೊಂದು ಅವಕಾಶ ಕೊಡದೆ ಮೇಲಕ್ಕೆ ಹೋಗಬಾರದೆಂಬ ನೌಕರಿಯ ಶಿಷ್ಟಾಚಾರ ನನ್ನ ಮೂಳೆಯಲ್ಲಿದೆ. ಜತೆಗೆ ಹನ್ನೊಂದು ವರ್ಷದ ಆ ಸೀಟು. ಶನಿವಾರ ಶಾಲೆ ಬಿಟ್ಟ ಮೇಲೆ ಮುಖ್ಯಶಿಕ್ಷಕರ ಕೊಠಡಿಗೆ ಹೋಗಿ ಟ್ಯಾಬನ್ನು ಅವರ ಮೇಜಿನ ಮೇಲಿಟ್ಟು ಒತ್ತಿದೆ.

ಅವರು ಕೊನೆಯವರೆಗೂ ನೋಡಿದರು. ಆಮೇಲೆ ಕೇಳಿದರು: "ನನ್ ದನಿ ಇಷ್ಟು ಗೊಗ್ಗರಾನಾ ಮೇಷ್ಟ್ರೇ?"

"ಸಾರ್, ಪತ್ರ ವಾಪಸ್ ತಗೊಳ್ಳಿ. ಪರೀಕ್ಷೆವರೆಗಾದ್ರೂ ಟ್ಯಾಬು ಇರ್ಲಿ. ಬೇರೆ ಏನೂ ಕೇಳಲ್ಲ."

"ನಿವೃತ್ತಿಗೆ ಮೂರು ತಿಂಗಳು ಕಣ್ರೀ ನಂಗೆ. ಈ ವಯಸ್ಸಲ್ಲಿ ನೋಟಿಸು ಇಸ್ಕೊಂಡು ಮನೆಗೋಗೋದಾ? ನಿಮ್ಗಿನ್ನೂ ನಾಲ್ಕು ವರ್ಷ ಐತೆ, ಒಂದು ಮಾತು ಬಂದ್ರೂ ತಡ್ಕೋತೀರಿ ಅಂತ..." ಅವರ ಕಣ್ಣು ತುಂಬಿತು. ಆ ಕಣ್ಣೀರು ಸುಳ್ಳಲ್ಲ ಎಂದು ಈಗಲೂ ನಂಬಿದ್ದೇನೆ.

ಅವರು ಶಾಲೆಯ ತಲೆಬರಹವಿದ್ದ ಹಾಳೆ ತೆಗೆದು, ನನ್ನೆದುರಿಗೇ, ಈ ಸಲ ಸ್ವಂತ ಕೈಬರಹದಲ್ಲಿ ಬರೆದರು: ಮೊದಲ ಪತ್ರವನ್ನು ಹಿಂಪಡೆಯಲಾಗಿದೆ, ಹಾನಿ ಆಕಸ್ಮಿಕ. ಸಹಿ ಹಾಕಿದರು. ಮೊಹರು ಒತ್ತಿದರು. ರವಾನೆ ವಹಿ ತೆಗೆದು ಸಂಖ್ಯೆ ಬರೆದು, ಆ ಸಂಖ್ಯೆಯನ್ನು ಪತ್ರದ ಮೇಲೂ ಹಾಕಿ ಲಕೋಟೆಗೆ ಸೇರಿಸಿದರು.

"ಇನ್ನು ಅದನ್ನ ಅಳಿಸ್ಬಿಡಿ ಮೇಷ್ಟ್ರೇ. ನಿಮ್ಮ ತಾಯಿ ಆಣೆ, ನನ್ನ ಮಾನ ನಿಮ್ಮ ಕೈಲೈತೆ."

ಮೊಹರು ಬಿದ್ದು, ರವಾನೆ ಸಂಖ್ಯೆ ಸಿಕ್ಕ ಪತ್ರವೊಂದು ಹೋಗದೇ ಉಳಿಯಬಹುದೆಂಬುದು ನನ್ನ ಇಡೀ ನೌಕರಿಯಲ್ಲಿ ನನಗೆ ಹೊಳೆದಿರಲಿಲ್ಲ. ನನ್ನ ಮಟ್ಟಿಗೆ ಸಂಖ್ಯೆ ಬಿತ್ತೆಂದರೆ ಪತ್ರ ತಲುಪಿದಂತೆ. ವಿಡಿಯೊ ಅಳಿಸಿದೆ. ಅಳಿಸಿದ್ದು ಟ್ಯಾಬಿನ ಕಸದ ಬುಟ್ಟಿಯಲ್ಲಿ ಮೂವತ್ತು ದಿನ ಕೂತಿರುತ್ತದೆಂದೂ ನನಗೆ ಗೊತ್ತಿತ್ತು. ಕೆಲಸ ಅರ್ಧಕ್ಕೆ ಬಿಡುವ ಜಾಯಮಾನ ನನ್ನದಲ್ಲ. ಬುಟ್ಟಿಯನ್ನೂ ಖಾಲಿ ಮಾಡಿ ಅವರಿಗೆ ತೋರಿಸಿದೆ.

ಸೋಮವಾರ ಎರಡನೆಯ ಪಿರಿಯಡ್ಡಿಗೆ ವ್ಯಾನು ಬಂತು.

"ಪತ್ರ ಬಂದಿಲ್ವಾ?" ಎಂದೆ, ಅದೇ ವಿನಯವಂತನನ್ನು.

"ಇಲ್ಲ ಸರ್. ಇವತ್ತು ಬೆಳಿಗ್ಗೆ ಎಚ್.ಎಂ. ಸರ್‌ಗೆ ಫೋನ್ ಕೂಡ ಮಾಡಿದ್ವಿ. ಮೊದಲ್ನೇ ಪತ್ರಾನೇ ಖಾಯಂ ಅಂದ್ರು."

ನಾನು ಓಡಿಹೋಗಿ ರವಾನೆ ವಹಿ ತಂದು, ಶನಿವಾರದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವನು ಓದಿದ. ಬಹಳ ಮೆತ್ತಗೆ, "ಸರ್, ಇದು ನಿಮ್ಮ ಶಾಲೆ ಪುಸ್ತಕ ಅಲ್ವಾ" ಎಂದ. "ಬೇರೆ ಏನಾದ್ರೂ ಇದ್ಯಾ ಸರ್?"

ಬೇರೆ ಏನೂ ಇರಲಿಲ್ಲ.

ಮುಖ್ಯಶಿಕ್ಷಕರು ಜಗಲಿಯ ಕಂಬದ ಹತ್ತಿರ ನಿಂತಿದ್ದರು. ನಾನು ಹತ್ತಿರ ಹೋದೆ. ಕೇಳುವ ಮೊದಲೇ ಅವರು ಹೇಳಿದರು, ನನ್ನ ಮುಖ ನೋಡದೆ: "ಬರೆದುಕೊಡಿ ಅಂದ್ರಿ, ನಿಮ್ಮೆದುರಿಗೇ ಬರೆದೆ. ಕಳಿಸ್ತೀನಿ ಅಂತ ಹೇಳಿದ್ನಾ ಮೇಷ್ಟ್ರೇ?"

ನೆನೆಸಿಕೊಂಡೆ. ಹೇಳಿರಲಿಲ್ಲ, ನಿಜ.

ಇಪ್ಪತ್ನಾಲ್ಕು ಟ್ಯಾಬ್‌ಗಳನ್ನೂ, ಸತ್ತವನ್ನೂ ಸೇರಿಸಿ, ವಹಿಯೊಂದಿಗೆ ತಾಳೆ ನೋಡಿ ಒಪ್ಪಿಸಿದೆ. ಒಪ್ಪಿಸಿದವರು ಎಂಬಲ್ಲಿ ಸಹಿ ಹಾಕಿದೆ. ವ್ಯಾನು ಗೇಟು ದಾಟುವವರೆಗೆ ಹತ್ತನೆಯ ತರಗತಿಯ ಕಿಟಕಿಯಲ್ಲಿ ಮುಖಗಳು ತುಂಬಿದ್ದವು. ಆ ಮುಖಗಳಲ್ಲಿ ಗಾಬರಿಯಿರಲಿಲ್ಲ. ಪುರಾವೆ ಮೇಷ್ಟ್ರ ಕೈಯಲ್ಲಿದೆ, ಕೊನೆಗಳಿಗೆಯಲ್ಲಿ ತೆಗೆದು ತೋರಿಸುತ್ತಾರೆ ಎಂದು ಅವರು ಕಾಯುತ್ತಿದ್ದರೆಂದು ನನಗೆ ತಿಳಿದದ್ದು ತರಗತಿಯೊಳಗೆ ಕಾಲಿಟ್ಟಾಗ.

ಆ ಹುಡುಗಿ ಎದ್ದು ನಿಂತಳು.

"ಸಾ, ಅದ್ನ ತೋರುಸ್ಲಿಲ್ವಾ ಸಾ?"

"ಅಳಿಸಿದೆ."

"ಯಾರ್ ಏಳಿದ್ರು ಸಾ ಅಳ್ಸಿ ಅಂತ?"

ನಾನು ಸೀಮೆಸುಣ್ಣ ಕೈಗೆತ್ತಿಕೊಂಡೆ. ಆ ಹನ್ನೊಂದರಲ್ಲಿ ಉಳಿದ ಹತ್ತು ಜನ ನನ್ನನ್ನು ನೋಡುತ್ತಿದ್ದರು. ಅವಳು ಮಾತ್ರ ಮೇಜನ್ನು ನೋಡುತ್ತ ಹೇಳಿದಳು, ಗಟ್ಟಿಯಾಗಿಯೂ ಅಲ್ಲ, ಸಿಟ್ಟಿನಿಂದಲೂ ಅಲ್ಲ:

"ಅದು ನಾವ್ ತಗ್ದಿದ್ದು ಸಾ. ಟ್ಯಾಬೂ ನಮ್ಗೇ ಅಂತ ಬಂದಿದ್ದು. ನಮ್ಮುನ್ನ ಒಂದ್ ಮಾತ್ ಕೇಳ್ಬೋದಿತ್ತು."

ಮುಖ್ಯಶಿಕ್ಷಕರ ಬಗ್ಗೆ ನಾನು ಗುರುವಾರದಿಂದ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಆಪಾದನೆಗಳೆಲ್ಲ ಇದ್ದವು. ಅವುಗಳಲ್ಲಿ ಒಂದನ್ನೂ ಆಮೇಲೆ ಯಾರಿಗೂ ಹೇಳುವ ಬಾಯಿ ನನಗೆ ಉಳಿಯಲಿಲ್ಲ.

ಪುಸ್ತಕ ತೆಗೆಯಿರಿ ಎಂದೆ. ಅವಳು ಕೂತಳು. ಎಲ್ಲರೂ ತೆಗೆದರು. ಹಲಗೆಯ ಮೇಲೆ ವೃತ್ತ ಬರೆದು, ಹೊರಗೊಂದು ಚುಕ್ಕಿ ಇಟ್ಟು, ಎರಡು ಸ್ಪರ್ಶಕ ಎಳೆದು, ಇವೆರಡೂ ಸಮ, ಬರೆದುಕೊಳ್ಳಿ ಎಂದೆ. ಆ ಹನ್ನೊಂದು ಮಂದಿಯೂ ತಲೆ ತಗ್ಗಿಸಿ ಬರೆದುಕೊಂಡರು. ಯಾಕೆ ಎಂದು ಯಾರೂ ಕೇಳಲಿಲ್ಲ.